ಹಳೆಯ ಪಿಕಪ್‌ಗೆ ಯಾವ ಅಳತೆಯ ಟೈರು, ಯಾವ ಡಿಸ್ಕು?

2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 8,000 ರೂಪಾಯಿ ಇರುವ ಟೈರಿಗೆ ಮೊದಲು 10,240 ರೂಪಾಯಿ ಆಗುತ್ತಿತ್ತು, ಈಗ 9,440. ಸ್ಟೆಪ್ನಿಯೂ ಸೇರಿ ಐದು ಟೈರಿಗೆ 4,000 ರೂಪಾಯಿ ಉಳಿಯುತ್ತದೆ. ಮಳೆಗಾಲ ಕಳೆಯಲಿ, ಫಸಲು ಕೈಗೆ ಬರಲಿ ಎಂದು ಸವೆದ ಟೈರಿನಲ್ಲೇ ದಿನ ದೂಡುತ್ತಿದ್ದ ಪಿಕಪ್ ಮಾಲೀಕರಿಗೆ ಟೈರ್ ಅಂಗಡಿಗೆ ಹೋಗಲು ಇದೊಂದು ಕಾರಣ.

ಅಲ್ಲಿ ಮೊದಲು ಕೇಳುವ ಪ್ರಶ್ನೆ: ‘ಸೈಜ್ ಯಾವುದು?’ ಹೆಚ್ಚಿನವರು ಗಾಡಿಯಲ್ಲಿರುವ ಟೈರನ್ನೇ ಬಗ್ಗಿ ನೋಡಿ ಹೇಳುತ್ತಾರೆ. ಎರಡು ಮೂರು ಕೈ ದಾಟಿ ಬಂದ ಗಾಡಿಯಲ್ಲಿ ಆ ಉತ್ತರವನ್ನು ನಂಬುವಂತಿಲ್ಲ. ಹಿಂದಿನ ಮಾಲೀಕರು ಕಡಿಮೆ ಬೆಲೆಗೆ ಸಿಕ್ಕಿದ್ದನ್ನು ಹಾಕಿರಬಹುದು, ನೋಟಕ್ಕೆಂದು ಅಗಲದ್ದನ್ನು ಹಾಕಿರಬಹುದು. ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು, ಸ್ಟೆಪ್ನಿ ಮತ್ತೊಂದು ಇರುವುದೂ ಅಪರೂಪವಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನವೇ ಸರಿಯಾದ ಅಳತೆ ಯಾವುದೆಂದು ಗೊತ್ತುಮಾಡಿಕೊಂಡಿರಬೇಕು. ಅದಕ್ಕೊಂದು ಕ್ರಮವಿದೆ. ಮೊದಲು ಭಾರ, ಆಮೇಲೆ ಎತ್ತರ, ಅದಾದ ಮೇಲೆ ಡಿಸ್ಕು, ಅಂದರೆ ಟೈರು ಕೂರುವ ಲೋಹದ ಚಕ್ರ. ನೋಟದ ಮಾತು ಈ ಮೂರೂ ಮುಗಿದ ಮೇಲೆ.

ಟೈರಿನ ಮೈಮೇಲಿನ ಬರಹ

ಬೊಲೆರೊ ಎಸ್‌ಯುವಿಯಲ್ಲಿ ಬರುವ ಅಳತೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ: ಪಿ 215/75 ಆರ್15 100 ಎಸ್.

ಇದರಲ್ಲಿ 215 ಎಂದರೆ ಗಾಳಿ ತುಂಬಿದ ಟೈರಿನ ಅಗಲ, ಮಿಲಿಮೀಟರಿನಲ್ಲಿ. ನೆಲಕ್ಕೆ ತಾಗುವ ಬಟನ್ ಭಾಗದ ಅಗಲವಲ್ಲ ಇದು. ಎರಡೂ ಪಕ್ಕಗಳ ಉಬ್ಬಿನ ನಡುವಿನ ಅಳತೆ. 75 ಎಂದರೆ ಟೈರಿನ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. 215ರ ಶೇ 75 ಎಂದರೆ 161 ಮಿ.ಮೀ. ‘ಆರ್’ ಎಂದರೆ ರೇಡಿಯಲ್, ಒಳಗಿನ ನೂಲು ಅಡ್ಡಲಾಗಿ ನೇರ ಹಾಯುವ ಬಗೆ. 15 ಎಂದರೆ ಡಿಸ್ಕಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರೂ ಇರುವುದರಿಂದಲೇ ಗೊಂದಲ ಹುಟ್ಟುವುದು.

ಟೈರಿನ ಒಟ್ಟು ಎತ್ತರ ಬೇಕಾದರೆ ಡಿಸ್ಕಿನ ಇಂಚನ್ನು 25.4ರಿಂದ ಗುಣಿಸಿ, ಅದಕ್ಕೆ ಪಕ್ಕದ ಗೋಡೆಯ ಎತ್ತರವನ್ನು ಎರಡು ಸಲ ಕೂಡಿಸಿ. ಎರಡು ಸಲ ಏಕೆಂದರೆ ಡಿಸ್ಕಿನ ಮೇಲೊಂದು ಗೋಡೆ, ಕೆಳಗೊಂದು ಗೋಡೆ. 15 × 25.4 = 381. ಅದಕ್ಕೆ 322.5 ಸೇರಿದರೆ 703.5 ಮಿ.ಮೀ. ಈ ಅಂಕಿ ಮುಂದೆಯೂ ಬೇಕಾಗುತ್ತದೆ.

ಕೊನೆಯ 100 ಭಾರದ ಸೂಚ್ಯಂಕ, ‘ಎಸ್’ ವೇಗದ ಗುರುತು. 100 ಎಂದರೆ ನೂರು ಕೆ.ಜಿ. ಅಲ್ಲ, 800 ಕೆ.ಜಿ. ಇದು ಒಂದು ಪಟ್ಟಿಯ ಕ್ರಮಸಂಖ್ಯೆ ಅಷ್ಟೆ: 98ಕ್ಕೆ 750 ಕೆ.ಜಿ., 104ಕ್ಕೆ 900, 106ಕ್ಕೆ 950, 109ಕ್ಕೆ 1,030, 112ಕ್ಕೆ 1,120. ವೇಗದ ಗುರುತಿನಲ್ಲಿ ‘ಎನ್’ ಗಂಟೆಗೆ 140 ಕಿ.ಮೀ., ‘ಕ್ಯೂ’ 160, ‘ಎಸ್’ 180. ಹಳೆಯ ಪಿಕಪ್‌ಗೆ ವೇಗದ ಗುರುತು ತೊಡಕಾಗುವುದು ವಿರಳ. ತೊಡಕಾಗುವುದು ಭಾರದ್ದು.

ಮುಂದಿರುವ ‘ಪಿ’ ಅಕ್ಷರ ಪ್ರಯಾಣಿಕರ ವಾಹನದ ಟೈರಿನ ಗುರುತು. ‘ಎಲ್‌ಟಿ’ ಎಂದಿದ್ದರೆ ಹಗುರ ಟ್ರಕ್ಕಿನ ಟೈರು. ನಮ್ಮ ದೇಶದಲ್ಲಿ ಮಾರುವ ಟೈರುಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿರುವುದರಿಂದ ಇನ್ನೊಂದು ಸುಳಿವೂ ಸಿಗುತ್ತದೆ. ಆ ಗುರುತಿನ ಜೊತೆಗೆ ಐಎಸ್ 15633 ಎಂದಿದ್ದರೆ ಕಾರಿನ ವರ್ಗದ ಟೈರು, ಐಎಸ್ 15636 ಎಂದಿದ್ದರೆ ವಾಣಿಜ್ಯ ವಾಹನದ ಟೈರು. ಅಂಗಡಿಯಲ್ಲಿ ನಿಂತೇ ಓದಿ ತಿಳಿಯಬಹುದು.

ಹೊರುವುದು ಗಾಳಿ

ರಬ್ಬರು ಭಾರ ಹೊರುತ್ತದೆ ಎಂದುಕೊಳ್ಳುವುದು ಸಹಜ. ಗಾಳಿ ಬಿಟ್ಟರೆ ಖಾಲಿ ಗಾಡಿಯ ಕೆಳಗೂ ಟೈರು ಚಪ್ಪಟೆಯಾಗುತ್ತದೆ. ಭಾರ ಹೊರುವುದು ಒಳಗಿನ ಗಾಳಿ. ಟೈರು ಆ ಗಾಳಿಯನ್ನು ಹಿಡಿದಿಡುವ ಚೀಲ. ಒಂದು ಟೈರು ಎಷ್ಟು ಹೊರಬಲ್ಲದು ಎಂಬುದು ಚೀಲದೊಳಗೆ ಎಷ್ಟು ಗಾಳಿ ಹಿಡಿಯುತ್ತದೆ, ಎಷ್ಟು ಒತ್ತಡಕ್ಕೆ ಚೀಲ ತಡೆಯುತ್ತದೆ ಎಂಬ ಎರಡರ ಮೇಲೆ ನಿಂತಿದೆ. ಕಾರಿನ ಟೈರಿನ ಗರಿಷ್ಠ ಒತ್ತಡ ಹೆಚ್ಚೆಂದರೆ 50 ಪಿಎಸ್‌ಐ ಆಸುಪಾಸು. ಎಲ್‌ಟಿ ಟೈರುಗಳಲ್ಲಿ 65, 80ರವರೆಗೂ ಹೋಗುವವಿವೆ, ಏಕೆಂದರೆ ಅವುಗಳ ಪಕ್ಕದ ಗೋಡೆ ಗಟ್ಟಿ. ಟೈರಿನ ಮೇಲೆ 8 ಪಿಆರ್, 12 ಪಿಆರ್ ಎಂದು ಬರೆದಿರುವುದು ಈ ಗಟ್ಟಿತನದ ಅಳತೆ. ಹಿಂದೆ ಹತ್ತಿನೂಲಿನ ಪದರಗಳನ್ನು ಎಣಿಸಿ ಹಾಗೆ ಬರೆಯುತ್ತಿದ್ದರು. ಈಗ ಪದರ ಕಡಿಮೆಯಿದ್ದರೂ ಅಷ್ಟೇ ಬಲವಿದೆ ಎಂಬ ಅರ್ಥದಲ್ಲಿ ಬರೆಯುತ್ತಾರೆ.

ನಿಮ್ಮ ಗಾಡಿಗೆ ಬೇಕಾದ ಸೂಚ್ಯಂಕವನ್ನು ಹೀಗೆ ಕಂಡುಕೊಳ್ಳಿ. ನೋಂದಣಿ ದಾಖಲೆಯಲ್ಲೋ ಗಾಡಿಗೆ ಹೊಡೆದ ತಯಾರಕರ ತಗಡಿನ ಫಲಕದಲ್ಲೋ ಹಿಂದಿನ ಆಕ್ಸಲ್‌ನ (ಎರಡು ಗಾಲಿಗಳ ನಡುವಿನ ಅಚ್ಚಿನ) ಗರಿಷ್ಠ ತೂಕ ನೋಡಿ. ಅದು 1,900 ಕೆ.ಜಿ. ಎಂದಿಟ್ಟುಕೊಂಡರೆ ಒಂದು ಟೈರಿನ ಪಾಲು 950. ಅಂದರೆ ಸೂಚ್ಯಂಕ ಕನಿಷ್ಠ 106. ಸರಕು ಎರಡೂ ಬದಿಗೆ ಸಮನಾಗಿ ಕೂರುವುದಿಲ್ಲ, ತಿರುವಿನಲ್ಲಿ ಹೊರಬದಿಯ ಟೈರಿನ ಮೇಲೆ ಭಾರ ಏರುತ್ತದೆ. ಆದ್ದರಿಂದ 109, 110 ಸಿಕ್ಕರೆ ಒಳ್ಳೆಯದು. 104/101 ಎಂದು ಎರಡು ಸಂಖ್ಯೆ ಇದ್ದರೆ, ಮೊದಲನೆಯದು ಒಂಟಿ ಟೈರಿಗೆ, ಎರಡನೆಯದು ಹಿಂದೆ ಜೋಡಿ ಟೈರು ಹಾಕಿದಾಗಿನ ಲೆಕ್ಕ. ಪಿಕಪ್‌ಗೆ ಸಾಮಾನ್ಯವಾಗಿ ಮೊದಲನೆಯದೇ ಅನ್ವಯ.

ಕಾರಿನ ವರ್ಗದ ಟೈರನ್ನು ಟ್ರಕ್ಕಿಗೆ ಹಾಕುವಾಗ ಅಮೆರಿಕದ ನಿಯಮಗಳು ಅದರ ಸಾಮರ್ಥ್ಯವನ್ನು 1.10ರಿಂದ ಭಾಗಿಸಲು ಹೇಳುತ್ತವೆ. ಆ ಲೆಕ್ಕದಲ್ಲಿ 800 ಕೆ.ಜಿ.ಯ ಟೈರು 727 ಕೆ.ಜಿ.ಗೆ ಇಳಿಯುತ್ತದೆ, ಜೋಡಿಗೆ 1,454. ನಮ್ಮಲ್ಲಿ ಯಾರೂ ಈ ಲೆಕ್ಕ ಕೇಳುವುದಿಲ್ಲವಾದರೂ ಅದರ ಹಿಂದಿನ ಕಾರಣ ಇಲ್ಲಿಗೂ ಸಲ್ಲುತ್ತದೆ. ಪಿಕಪ್‌ನ ಟೈರು ಕಾರಿನದಕ್ಕಿಂತ ಹೆಚ್ಚು ಕಾಲ ಪೂರ್ತಿ ಭಾರದಲ್ಲೇ ಓಡುತ್ತದೆ.

ಸಾಮರ್ಥ್ಯ ಸಾಲದಾದಾಗ ಟೈರು ಒಡನೆಯೇ ಒಡೆಯುವುದಿಲ್ಲ. ಪಕ್ಕದ ಗೋಡೆ ಪ್ರತಿ ಸುತ್ತಿಗೂ ಅತಿಯಾಗಿ ಬಗ್ಗಿ ಏಳುತ್ತದೆ; ಬಗ್ಗಿದಷ್ಟೂ ಬಿಸಿ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಬಿಸಿಯಾಗಿ ಮುರಿಯುವಂತೆಯೇ ಇದು. ಒಳಗಿನ ಉಕ್ಕಿನ ಪಟ್ಟಿ ಮತ್ತು ರಬ್ಬರಿನ ಬೆಸುಗೆ ಸಡಿಲವಾಗುತ್ತಾ ಬಂದು ಒಂದು ದಿನ ಮೇಲಿನ ಪದರವೇ ಕಿತ್ತು ಬರುತ್ತದೆ. ಏಪ್ರಿಲ್ ಬಿಸಿಲಲ್ಲಿ ಕೋಲಾರದ ಮಾರುಕಟ್ಟೆಯಿಂದ ಟೊಮೆಟೊ ಕ್ರೇಟ್‌ಗಳನ್ನು ಪೇರಿಸಿಕೊಂಡು ಹೆದ್ದಾರಿಯಲ್ಲಿ 80ರ ವೇಗದಲ್ಲಿ ಓಡುವ ಗಾಡಿಗೆ ಬೇಕಾದದ್ದೆಲ್ಲ ಕೂಡಿಬಂದಿರುತ್ತದೆ: ಭಾರ, ವೇಗ, ಬಿಸಿ ರಸ್ತೆ.

ಎರಡೂ 15, ಎರಡೂ ಬೇರೆ

ಹೆಸರು ಒಂದೇ ಇರುವುದರಿಂದ ಆಗುವ ತಪ್ಪು ಇಲ್ಲಿದೆ. ಬೊಲೆರೊ ಎಸ್‌ಯುವಿಗೆ 215/75 ಆರ್15. ಅದೇ ಹೆಸರಿನ ಹಲವು ಪಿಕಪ್‌ಗಳಿಗೆ ಕಂಪನಿ ಕೊಟ್ಟಿದ್ದು 7.00 ಆರ್15 ಎಲ್‌ಟಿ. ಎರಡೂ 15 ಇಂಚಿನವು. ಎಸ್‌ಯುವಿಯಿಂದ ಬಿಚ್ಚಿದ, ಅರ್ಧ ಬಟನ್ ಇರುವ ಟೈರು ಕಡಿಮೆ ಬೆಲೆಗೆ ಸಿಕ್ಕಿತೆಂದು ಪಿಕಪ್‌ಗೆ ಹಾಕುವುದುಂಟು.

7.00 ಎಂಬುದು ಹಳೆಯ ಪದ್ಧತಿಯ ಬರಹ: ಅಗಲ ಇಂಚಿನಲ್ಲಿ, ಪಕ್ಕದ ಎತ್ತರದ ಶೇಕಡಾ ಬರೆದಿರುವುದಿಲ್ಲ. ಈ ಪದ್ಧತಿಯ ಟೈರುಗಳಲ್ಲಿ ಗೋಡೆಯ ಎತ್ತರ ಹೆಚ್ಚುಕಡಿಮೆ ಅಗಲದಷ್ಟೇ ಇರುತ್ತದೆ. 7.00 ಆರ್15ರ ಒಟ್ಟು ಎತ್ತರ ಸುಮಾರು 75 ಸೆಂಟಿಮೀಟರ್. 215/75 ಆರ್15ರದ್ದು 70. ಅಂದರೆ ಎಸ್‌ಯುವಿಯ ಟೈರು ಹಾಕಿದ ಪಿಕಪ್ ಎರಡು ಸೆಂಟಿಮೀಟರಿಗಿಂತ ಹೆಚ್ಚು ತಗ್ಗುತ್ತದೆ, ಮೀಟರ್ ಇರುವುದಕ್ಕಿಂತ ಶೇ 6ರಷ್ಟು ಹೆಚ್ಚು ವೇಗ ತೋರಿಸುತ್ತದೆ, ಎಂಜಿನ್ ಅದೇ ವೇಗಕ್ಕೆ ಹೆಚ್ಚು ಸುತ್ತುತ್ತದೆ. ಇವೆಲ್ಲ ಸಹಿಸಬಹುದಾದ ತೊಂದರೆಗಳು. ಸಹಿಸಲಾಗದ್ದು ಸಾಮರ್ಥ್ಯದ ಇಳಿಕೆ. ಒಂದೂವರೆ ಟನ್ ಸರಕಿಗೆಂದು ಮಾಡಿದ ಗಾಡಿ, ಏಳು ಜನರನ್ನು ಕೂರಿಸಿಕೊಳ್ಳುವ ಗಾಡಿಯ ಟೈರಿನ ಮೇಲೆ ನಿಂತಿರುತ್ತದೆ.

195 ಆರ್15 ಎಲ್‌ಟಿ ಎಂಬ ಇನ್ನೊಂದು ಬಗೆಯ ಬರಹವೂ ಕಣ್ಣಿಗೆ ಬೀಳುತ್ತದೆ. ಅಗಲ ಮಿಲಿಮೀಟರಿನಲ್ಲಿ, ಆದರೆ ಶೇಕಡಾ ಇಲ್ಲ. ಅಲ್ಲಿ ಗೋಡೆಯ ಎತ್ತರ ಅಗಲದ ಶೇ 80ರ ಆಸುಪಾಸು ಎಂದು ಹಿಡಿದು ಲೆಕ್ಕ ಮಾಡಬೇಕು. ಹಳೆಯ ಪದ್ಧತಿಯ ಯಾವ ಟೈರಿಗಾದರೂ ಕೊನೆಯ ಮಾತು ಟೈರು ಕಂಪನಿಯ ಪಟ್ಟಿಯಲ್ಲಿರುವ ‘ಒಟ್ಟು ವ್ಯಾಸ’ದ್ದು.

ಎತ್ತರ ಬದಲಾದರೆ ಏನೇನು ಬದಲಾಗುತ್ತದೆ

ಈಗ 215/75 ಆರ್15 ಇರುವ ಗಾಡಿಗೆ 235/75 ಆರ್15 ಹಾಕಬೇಕೆಂದುಕೊಳ್ಳೋಣ. ಮಲೆನಾಡಿನ ತೋಟದ ದಾರಿಗಳಲ್ಲಿ ಓಡಾಡುವವರು ಹೆಚ್ಚಾಗಿ ಕೇಳುವ ಬದಲಾವಣೆ ಇದು. ಹೊಸ ಎತ್ತರ 733.5 ಮಿ.ಮೀ., ಹೆಚ್ಚಳ 30 ಮಿ.ಮೀ., ಶೇಕಡಾ 4.3. ಗಾಡಿ ಏರುವುದು ಅದರ ಅರ್ಧ, 15 ಮಿ.ಮೀ. ಮಾತ್ರ. ಕಲ್ಲಿಗೆ ಆಕ್ಸಲ್‌ನ ಹೌಸಿಂಗ್ (ಹೊರಕವಚ) ಬಡಿಯುವುದು ತಪ್ಪಲಿ ಎಂಬ ಆಸೆಯಿಂದ ಹಾಕುವವರು ಈ ಒಂದೂವರೆ ಸೆಂಟಿಮೀಟರನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಆ ಲಾಭಕ್ಕೆ ಕೊಡುವ ಬೆಲೆ ಹಲವು ಕಡೆ ಹಂಚಿಹೋಗಿರುತ್ತದೆ. ಮೀಟರ್ 80 ತೋರಿಸುವಾಗ ನಿಜವಾದ ವೇಗ 83.4. ಕಿಲೋಮೀಟರ್ ಲೆಕ್ಕವೂ ಕಡಿಮೆ ಬರುತ್ತದೆ. ನಿಜಕ್ಕೂ 10,000 ಓಡಿದಾಗ ಮೀಟರಿನಲ್ಲಿ 9,590 ಮಾತ್ರ. ಹೀಗಾಗಿ ಆಯಿಲ್ ಬದಲಿಸುವುದು ತಡವಾಗುತ್ತದೆ, ಮೈಲೇಜ್ ನಿಜಕ್ಕಿಂತ ಕಡಿಮೆ ಕಾಣುತ್ತದೆ.

ಎಂಜಿನ್ನಿಗೆ ಇದು ದೊಡ್ಡ ಗಾಲಿಯ ಸೈಕಲ್ ತುಳಿದಂತೆ. ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಆದರೆ ತುಳಿಯಲು ಹೆಚ್ಚು ಬಲ ಬೇಕು. ಹಳೆಯ ಬೊಲೆರೊದ 2,523 ಸಿಸಿ ಡೀಸೆಲ್ ಎಂಜಿನ್ ಕೊಡುವುದು 63 ಅಶ್ವಶಕ್ತಿ. ಅದರ ಎಳೆತದಲ್ಲಿ ಶೇ 4 ಕಡಿಮೆಯಾದರೆ ಚಾರ್ಮಾಡಿ ಘಾಟಿಯ ಏರಿನಲ್ಲಿ ಒಂದು ಗೇರ್ ಕೆಳಗೆ ಹಾಕಬೇಕಾಗುತ್ತದೆ. ಲೋಡ್ ಇದ್ದಾಗ ನಿಂತಲ್ಲಿಂದ ಎತ್ತಲು ಕ್ಲಚ್ಚನ್ನು ಹೆಚ್ಚು ಹೊತ್ತು ಅರ್ಧದಲ್ಲಿ ಹಿಡಿಯಬೇಕಾಗುತ್ತದೆ. ಕ್ಲಚ್ ಪ್ಲೇಟ್ ಬೇಗ ಸವೆಯುವುದು ಇದರಿಂದ.

ಬ್ರೇಕಿನದ್ದೂ ಅದೇ ಲೆಕ್ಕ, ತಿರುಗುಮುರುಗಾಗಿ. ಬ್ರೇಕು ಗಾಲಿಯ ನಡುವಿನ ಹಬ್‌ನಲ್ಲಿ ಹಿಡಿಯುತ್ತದೆ, ನೆಲ ಟೈರಿನ ಅಂಚಿನಲ್ಲಿ ತಿರುಗಿಸುತ್ತದೆ. ಅಂಚು ದೂರ ಹೋದಷ್ಟೂ ಅದೇ ಪೆಡಲಿಗೆ ಸಿಗುವ ತಡೆ ಕಡಿಮೆ. 4 ಶೇಕಡಾ ಹೆಚ್ಚಿನ ಚಾಲಕರಿಗೆ ಗೊತ್ತಾಗುವುದಿಲ್ಲ. ಆದರೆ 31 × 10.5 ಆರ್15 ಎಂಬ ದೊಡ್ಡ ಟೈರಿಗೆ ಹೋದರೆ ಎತ್ತರ ಸುಮಾರು 775 ಮಿ.ಮೀ., ಅಂದರೆ ಶೇ 10 ಹೆಚ್ಚು. ಆಗ ಮೀಟರಿನ 80 ನಿಜದ 88. ಬ್ರೇಕಿನ ಹಿಡಿತ ಶೇ 9 ಕುಸಿದಿರುತ್ತದೆ. ಟೈರಿನ ತೂಕವೂ ಹೆಚ್ಚಿರುವುದರಿಂದ ಬಾಲ್ ಜಾಯಿಂಟ್, ಬೇರಿಂಗ್, ಸ್ಟಿಯರಿಂಗ್ ಬಾಕ್ಸ್ ಎಲ್ಲಕ್ಕೂ ಹೊರೆ. ಹದಿನೈದು ವರ್ಷ ಓಡಿದ ಗಾಡಿಯಲ್ಲಿ ಈ ಭಾಗಗಳು ಮೊದಲೇ ಸವೆದಿರುತ್ತವೆ.

ಇದಕ್ಕಾಗಿಯೇ ಮೂಲ ಎತ್ತರದಿಂದ ಶೇ 3ರೊಳಗೆ ಇರಬೇಕೆಂಬ ಮಿತಿಯನ್ನು ಬಲ್ಲವರು ಪಾಲಿಸುತ್ತಾರೆ. 703.5ಕ್ಕೆ ಆ ಮಿತಿ 682ರಿಂದ 724 ಮಿ.ಮೀ. 235/70 ಆರ್15 ಅದರೊಳಗೆ ಸುಲಭವಾಗಿ ಬರುತ್ತದೆ: 710. 215/75 ಆರ್16 ಹೊರಗೆ ಉಳಿಯುತ್ತದೆ: 729. 235/75 ಆರ್15 ಕೂಡ ಹೊರಗೇ. ಆದರೆ ಕಾಗದದ ಮೇಲೆ ಹೊಂದುವ ಅಳತೆ ನಿಮ್ಮ ತಾಲ್ಲೂಕಿನ ಅಂಗಡಿಯಲ್ಲಿ ಸಿಗುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಬೇಕು. ಒಂದು ಟೈರು ಹರಿದಾಗ ಬೆಂಗಳೂರಿನಿಂದ ತರಿಸಲು ನಾಲ್ಕು ದಿನ ಗಾಡಿ ನಿಲ್ಲಿಸುವಂತಾದರೆ ಆ ಅಳತೆ ದುಡಿಯುವ ಗಾಡಿಗೆ ತಕ್ಕದ್ದಲ್ಲ.

ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು ಎಂಬ ನಂಬಿಕೆಯ ಬಗ್ಗೆ ಒಂದು ಮಾತು. ಒಣ ಟಾರು ರಸ್ತೆಯಲ್ಲಿ, ಮರಳಿನಲ್ಲಿ ಅದು ನಿಜ. ಮಲೆನಾಡಿನ ಕೆಸರಿನಲ್ಲಿ ಮೇಲೆ ನುಣುಪು ಮಣ್ಣು, ಕೆಳಗೆ ಗಟ್ಟಿ ನೆಲ. ಕಿರಿದಾದ ಟೈರು ಕೆಸರನ್ನು ಸೀಳಿ ಗಟ್ಟಿ ನೆಲವನ್ನು ಮುಟ್ಟುತ್ತದೆ, ಅಗಲದ್ದು ಮೇಲೆಯೇ ತೇಲುತ್ತದೆ. ಹಳೆಯ ಜೀಪುಗಳ 6.00-16 ಟೈರು ಅಷ್ಟು ಕಿರಿದಾಗಿದ್ದೂ ತೋಟದ ಏರುಗಳನ್ನು ಹತ್ತುತ್ತಿದ್ದುದರ ಗುಟ್ಟು ಇದು. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಗೆ ಅಗಲದ ಟೈರು ಹಾಕಿದರೆ ನಿಂತಲ್ಲಿ ತಿರುಗಿಸಲು ತೋಳಿನ ಬಲವೆಲ್ಲ ಬೇಕಾಗುತ್ತದೆ.

ಡಿಸ್ಕಿನ ನಾಲ್ಕು ಅಳತೆಗಳು

ಡಿಸ್ಕ್ ಬದಲಿಸುವುದಾದರೆ ಇಂಚು ಒಂದೇ ಸಾಲದು.

ಮೊದಲನೆಯದು ನಟ್ಟಿನ ತೂತುಗಳ ವೃತ್ತ, ಅಂಗಡಿಯ ಮಾತಿನಲ್ಲಿ ಪಿಸಿಡಿ. ಎಲ್ಲ ತೂತುಗಳ ನಡುಬಿಂದು ಸೇರಿಸಿ ಒಂದು ವೃತ್ತ ಬರೆದರೆ ಅದರ ವ್ಯಾಸ. ವಿಲ್ಲಿಸ್ ಜೀಪಿನ ಕಾಲದಿಂದ ಬಂದ 5 ತೂತು, 139.7 ಮಿ.ಮೀ. ಎಂಬ ಅಳತೆ ಮಹೀಂದ್ರದ ಹಳೆಯ ಗಾಡಿಗಳಲ್ಲಿ, ಬೊಲೆರೊದಲ್ಲಿ ಮುಂದುವರಿದಿದೆ. ಮಾರುತಿ ಜಿಪ್ಸಿಯದ್ದೂ ಅದೇ. ಇಸುಜು ಡಿ-ಮ್ಯಾಕ್ಸ್‌ನದು 6 ತೂತು, 139.7. ಆರು ತೂತಿನದನ್ನು ಅಳೆಯುವುದು ಸುಲಭ: ಎದುರುಬದುರಿನ ಎರಡು ತೂತುಗಳ ನಡುವಿನಿಂದ ನಡುವಿಗೆ ಟೇಪ್ ಹಿಡಿದರಾಯಿತು. ಐದರಲ್ಲಿ ಎದುರಿಗೆ ತೂತು ಇರುವುದಿಲ್ಲ. ಪಕ್ಕಪಕ್ಕದ ಎರಡು ತೂತುಗಳ ನಡುವಿನ ದೂರ ಅಳೆದು 1.701ರಿಂದ ಗುಣಿಸಿ. 82 ಮಿ.ಮೀ. ಬಂದರೆ ಅದು 139.7ರ ಡಿಸ್ಕು. ‘ಒಂದೆರಡು ಮಿಲಿಮೀಟರ್ ತಾನೇ, ಬಿಗಿದರೆ ಕೂರುತ್ತದೆ’ ಎಂಬ ಮಾತಿಗೆ ಒಪ್ಪಬೇಡಿ. ಕೂತಂತೆ ಕಂಡರೂ ನಟ್ಟು ಓರೆಯಾಗಿ ನಿಂತು ಬೋಲ್ಟನ್ನು ಬಗ್ಗಿಸುತ್ತಿರುತ್ತದೆ.

ಎರಡನೆಯದು ನಡುವಿನ ದೊಡ್ಡ ತೂತು. ಹಬ್‌ಗಿಂತ ಚಿಕ್ಕದಾದರೆ ಕೂರುವುದೇ ಇಲ್ಲ. ದೊಡ್ಡದಾದರೆ ಕೂರುತ್ತದೆ, ಆದರೆ ಹಬ್‌ನ ಮೇಲೆ ನಿಲ್ಲಬೇಕಾದ ಡಿಸ್ಕಿನಲ್ಲಿ ಭಾರವೆಲ್ಲ ನಟ್ಟುಗಳ ಮೇಲೆ ಬೀಳುತ್ತದೆ. ನಡು ತಪ್ಪಿ ಕೂತರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಸ್ಟಿಯರಿಂಗ್ ನಡುಗುವುದು ನಿಲ್ಲುವುದಿಲ್ಲ. ಆ ಅಂತರಕ್ಕೆ ಸರಿಯಾಗುವ ಉಂಗುರ ಹಾಕಬೇಕು.

ಮೂರನೆಯದು ಡಿಸ್ಕಿನ ಅಗಲ. ಟೈರಿನ ಎರಡು ಬೀಡ್‌ಗಳು (ಡಿಸ್ಕಿಗೆ ಕಚ್ಚಿ ಕೂರುವ ಒಳ ಅಂಚುಗಳು) ಕೂರುವ ಜಾಗಗಳ ನಡುವಿನ ದೂರ ಇದು, ಹೊರ ಅಂಚಿನಿಂದ ಹೊರ ಅಂಚಿಗಲ್ಲ. 215/75 ಆರ್15ಕ್ಕೆ 5.5ರಿಂದ 7 ಇಂಚು, 235/75 ಆರ್15ಕ್ಕೆ 6ರಿಂದ 8 ಇಂಚು ಒಪ್ಪಿತ ಮಿತಿ. 31 × 10.5ಕ್ಕೆ ಕನಿಷ್ಠ 7 ಬೇಕು. ಕಂಪನಿಯ ಕಿರಿದಾದ ಡಿಸ್ಕಿಗೇ ಅಗಲದ ಟೈರು ಹತ್ತಿಸಿದರೆ ಬಾಯಿ ಬಿಗಿದ ಚೀಲದಂತೆ ನಡು ಉಬ್ಬುತ್ತದೆ. ನೆಲಕ್ಕೆ ತಾಗುವುದು ನಡುಭಾಗವಷ್ಟೇ, ಸವೆಯುವುದೂ ಅದೇ. ತಿರುವಿನಲ್ಲಿ ಗಾಡಿ ಓಲಾಡುತ್ತದೆ. ಅಗಲದ ಟೈರಿಗೆ ಕೊಟ್ಟ ಹಣ ಅಲ್ಲಿಗೆ ವ್ಯರ್ಥ.

ನಾಲ್ಕನೆಯದು, ಹೆಚ್ಚು ಜನ ಕೇಳದೆ ಬಿಡುವುದು, ಆಫ್‌ಸೆಟ್. ಡಿಸ್ಕಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ಹಬ್‌ಗೆ ತಾಗುವ ಮುಖ ಆ ಗೆರೆಗಿಂತ ಎಷ್ಟು ಹೊರಗೆ ಅಥವಾ ಒಳಗೆ ಇದೆ ಎಂಬುದೇ ಆಫ್‌ಸೆಟ್; ಡಿಸ್ಕಿನ ಮೇಲೆ ‘ಇಟಿ’ ಎಂದು ಮಿಲಿಮೀಟರಿನಲ್ಲಿ ಒತ್ತಿರುತ್ತಾರೆ. ಮುಖ ಹೊರಬದಿಗೆ ಇದ್ದರೆ ಧನ, ಗಾಲಿ ಗಾಡಿಯ ಒಳಕ್ಕೆ ಸೇರುತ್ತದೆ. ಒಳಬದಿಗೆ ಇದ್ದರೆ ಋಣ, ಗಾಲಿ ಹೊರಕ್ಕೆ ಚಾಚುತ್ತದೆ.

ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದವರು ಅರ್ಧ ಮೈಲಿ ನಡೆಯುತ್ತಾರೆ. ಅದೇ ಕೊಡವನ್ನು ತೋಳು ಚಾಚಿ ಹಿಡಿದರೆ ಹತ್ತು ಹೆಜ್ಜೆ ಆಗುವುದಿಲ್ಲ. ಗಾಲಿ ಹೊರಕ್ಕೆ ಹೋದಾಗ ಬೇರಿಂಗಿಗೆ ಆಗುವುದು ಅದೇ. 6 ಇಂಚು ಅಗಲದ ಡಿಸ್ಕಿನ ಬದಲು ಅದೇ ಆಫ್‌ಸೆಟ್‌ನ 8 ಇಂಚಿನದು ಹಾಕಿದರೆ ಎರಡೂ ಬದಿಗೆ ತಲಾ 25 ಮಿ.ಮೀ. ಹೆಚ್ಚುತ್ತದೆ. ಜೊತೆಗೆ ಆಫ್‌ಸೆಟ್ 20 ಮಿ.ಮೀ. ಕಡಿಮೆಯಿದ್ದರೆ ಹೊರಕ್ಕೆ 45, ಒಳಕ್ಕೆ ಬರೀ 5. ಹೊರಗಿನ 45 ಮಿ.ಮೀ. ಮಡ್‌ಗಾರ್ಡ್ ದಾಟಿ ಪಕ್ಕಕ್ಕೆಲ್ಲ ಕೆಸರು ಹಾರಿಸುತ್ತದೆ, ಗುಂಡಿಯಲ್ಲಿ ಸ್ಟಿಯರಿಂಗನ್ನು ಕೈಯಿಂದ ಕಿತ್ತುಕೊಳ್ಳುತ್ತದೆ, ಬೇರಿಂಗನ್ನು ಬೇಗ ತಿನ್ನುತ್ತದೆ. ಹಬ್‌ಗೂ ಡಿಸ್ಕಿಗೂ ನಡುವೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಇಡುವುದೂ ಇದೇ ಪರಿಣಾಮ ಕೊಡುತ್ತದೆ. ಸರಕು ಹೊರುವ ಗಾಡಿಗೆ ಸ್ಪೇಸರ್ ಬೇಡ.

ಅಲಾಯ್ (ಮಿಶ್ರಲೋಹದ) ಡಿಸ್ಕು ಕೊಳ್ಳುವ ಮುನ್ನ ಹಿಂಬದಿ ತಿರುಗಿಸಿ ನೋಡಿ. ಗರಿಷ್ಠ ಭಾರ ಒತ್ತಿರುತ್ತದೆ. ಕಾರಿಗೆಂದು ಮಾಡಿದ ಹಲವು ಅಲಾಯ್‌ಗಳಲ್ಲಿ ಅದು 690 ಕೆ.ಜಿ. ಇರುವುದುಂಟು, 950 ಬೇಕಾದ ಆಕ್ಸಲ್‌ಗೆ ಟೈರು ಎಷ್ಟೇ ಗಟ್ಟಿಯಿದ್ದರೂ ಅದು ನಡೆಯದು. ಲೋಡ್ ಗಾಡಿಗೆ ಕಬ್ಬಿಣದ ಡಿಸ್ಕೇ ವಾಸಿ: ಗುಂಡಿಗೆ ಬಿದ್ದರೆ ಬಗ್ಗುತ್ತದೆ, ಬಗ್ಗಿದ್ದನ್ನು ಕಣ್ಣಿಂದ ನೋಡಬಹುದು. ಹಳೆಯ ಡಿಸ್ಕ್ ಕೊಳ್ಳುವುದಾದರೆ ನಟ್ಟಿನ ತೂತುಗಳ ಸುತ್ತ ಬಣ್ಣ ಕೆರೆದು ನೋಡಿ. ತೂತಿನಿಂದ ಹೊರಟ ತುಕ್ಕಿನ ಗೆರೆ ಎಂದರೆ ಬಿರುಕು. ವೆಲ್ಡಿಂಗ್ ಮಾಡಿಸಿದ ಡಿಸ್ಕನ್ನು ಮುಟ್ಟಬೇಡಿ.

ತಾಗುತ್ತದೆಯೇ?

ಮೂಲ ಅಳತೆಗಿಂತ ದೊಡ್ಡದು ಹಾಕುವುದಾದರೆ ಒಂದೇ ಟೈರನ್ನು ಮೊದಲು ಮುಂದೆ ಹಾಕಿ ನೋಡಿ, ನಾಲ್ಕಕ್ಕೂ ದುಡ್ಡು ಕೊಡುವ ಮುನ್ನ. ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಟೈರಿನ ಒಳಬದಿಯಲ್ಲಿ ಕೈಯಾಡಿಸಿ. ಸ್ಪ್ರಿಂಗ್, ಟೈ ರಾಡ್‌ನ ತುದಿ, ಬ್ರೇಕಿನ ರಬ್ಬರ್ ಪೈಪ್, ಚಾಸಿ: ಇವೆಲ್ಲಕ್ಕೂ ಟೈರಿಗೂ ನಡುವೆ ಒಂದು ಬೆರಳಿನ ದಪ್ಪಕ್ಕಿಂತ ಹೆಚ್ಚು, 15ರಿಂದ 20 ಮಿ.ಮೀ., ಜಾಗ ಉಳಿಯಬೇಕು. ಸಮತಟ್ಟು ನೆಲದಲ್ಲಿ ಉಳಿದರೆ ಸಾಲದು. ಎದುರುಬದುರಿನ ಮೂಲೆಯ ಎರಡು ಗಾಲಿಗಳನ್ನು ದಿಮ್ಮಿಯ ಮೇಲೆ ಹತ್ತಿಸಿ ಮತ್ತೆ ತಿರುಗಿಸಿ ನೋಡಿ. ಮಡ್‌ಗಾರ್ಡಿನ ಒಳಗೆ ಸೀಮೆಸುಣ್ಣ ಬಳಿದು, ನಾಲ್ಕೈದು ಗುಂಡಿ ಇರುವ ದಾರಿಯಲ್ಲಿ ಲೋಡ್ ಹಾಕಿ ಓಡಿಸಿ ಬಂದರೆ ತಾಗಿದ ಜಾಗದಲ್ಲಿ ಸುಣ್ಣ ಅಳಿಸಿರುತ್ತದೆ. ಹಿಂದೆ ಮುಖ್ಯವಾಗಿ ನೋಡಬೇಕಾದ್ದು ಪ್ಲೇಟ್ ಸ್ಪ್ರಿಂಗಿಗೂ ಟೈರಿಗೂ ಇರುವ ಅಂತರ. ಪ್ಲೇಟಿನ ಅಂಚು ಟೈರಿನ ಗೋಡೆಗೆ ಉಜ್ಜಿದರೆ ಕೊಯ್ದುಬಿಡುತ್ತದೆ.

ಟ್ಯೂಬು, ನೈಲಾನ್, ರೇಡಿಯಲ್

ಹಳೆಯ ಡಿಸ್ಕಿಗೆ ಟ್ಯೂಬ್‌ಲೆಸ್ ಟೈರು ಹಾಕಬಹುದೇ? ಡಿಸ್ಕಿನ ಒಳಮೈ ನೋಡಿದರೆ ಉತ್ತರ ಸಿಗುತ್ತದೆ. ಟ್ಯೂಬ್‌ಲೆಸ್ ಡಿಸ್ಕಿನಲ್ಲಿ ಬೀಡ್ ಕೂರುವ ಜಾಗದ ಪಕ್ಕಕ್ಕೆ ಸುತ್ತಲೂ ಒಂದು ಸಣ್ಣ ಉಬ್ಬುಗೆರೆ ಇರುತ್ತದೆ. ಗಾಳಿ ಕಡಿಮೆಯಾದಾಗಲೂ ಬೀಡ್ ಜಾರಿ ನಡುವಿನ ತಗ್ಗಿಗೆ ಬೀಳದಂತೆ ತಡೆಯುವುದು ಅದು. ಆ ಗೆರೆ ಇಲ್ಲದ ಡಿಸ್ಕಿಗೆ, ರಿವಿಟ್ ಹೊಡೆದು ಜೋಡಿಸಿದ ಡಿಸ್ಕಿಗೆ, ತುಕ್ಕು ಹಿಡಿದು ಗುಳಿಬಿದ್ದ ಡಿಸ್ಕಿಗೆ ಟ್ಯೂಬ್ ಬೇಕೇ ಬೇಕು. ರೇಡಿಯಲ್ ಟೈರಿಗೆ ರೇಡಿಯಲ್ ಎಂದು ಬರೆದ, ಅದೇ ಅಳತೆಯ ಟ್ಯೂಬನ್ನೇ ಕೇಳಿ ಪಡೆಯಿರಿ. ದೊಡ್ಡ ಟ್ಯೂಬು ಒಳಗೆ ಮಡಿಚಿಕೊಂಡು ಮಡಿಕೆಯಲ್ಲೇ ತೂತಾಗುತ್ತದೆ.

ಅಂಗಡಿಯವರು ನೈಲಾನ್ ಎನ್ನುವ ಹಳೆಯ ಬಗೆಯ ಟೈರಿನಲ್ಲಿ ನೂಲಿನ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತವೆ. ರೇಡಿಯಲ್‌ನಲ್ಲಿ ಅಡ್ಡಲಾಗಿ ನೇರ ಹಾಯುತ್ತವೆ, ಮೇಲೆ ಉಕ್ಕಿನ ಪಟ್ಟಿ. ನೈಲಾನ್ ಕಲ್ಲಿನ ಏಟು ತಡೆಯುತ್ತದೆ, ಹೆದ್ದಾರಿಯ ವೇಗದಲ್ಲಿ ಹೆಚ್ಚು ಬಿಸಿಯಾಗುತ್ತದೆ. ತಿರುವಿನಲ್ಲಿ ಎರಡೂ ಬೇರೆ ಬೇರೆ ರೀತಿ ಹಿಡಿಯುವುದರಿಂದ ಒಂದೇ ಆಕ್ಸಲ್‌ನಲ್ಲಿ ಬೆರೆಸಬಾರದು. ನಾಲ್ಕನ್ನೂ ಒಟ್ಟಿಗೆ ಬದಲಿಸಲು ಸಾಧ್ಯವಾಗದಿದ್ದರೆ ರೇಡಿಯಲ್ ಹಿಂದೆ ಇರಲಿ. ಮುಂದೆ ಮಾತ್ರ ರೇಡಿಯಲ್ ಇದ್ದರೆ ಒದ್ದೆ ರಸ್ತೆಯಲ್ಲಿ ಗಾಡಿಯ ಹಿಂಭಾಗ ಜಾರಿ ಸುತ್ತಿಬಿಡುತ್ತದೆ.

ಒಂದೇ ಆಕ್ಸಲ್‌ನ ಎರಡು ಟೈರುಗಳ ಎತ್ತರವೂ ಒಂದೇ ಇರಬೇಕು. 8 ಮಿ.ಮೀ. ಬಟನ್ ಇರುವ ಹೊಸ ಟೈರಿಗೂ 1.6 ಮಿ.ಮೀ. ಉಳಿದ ಹಳೆಯದಕ್ಕೂ ಎತ್ತರದಲ್ಲಿ 12.8 ಮಿ.ಮೀ. ವ್ಯತ್ಯಾಸ. ಆಗ ಎರಡೂ ಬದಿಯ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಒಳಗಿನ ಸಣ್ಣ ಹಲ್ಲುಗಾಲಿಗಳು ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗಿ ಸವೆಯುತ್ತವೆ. ಫೋರ್ ವ್ಹೀಲ್ ಡ್ರೈವ್ ಗಾಡಿಗಳಲ್ಲಿ ಮುಂದೆ ಹಿಂದೆಯೂ ಅಳತೆ ಒಂದೇ ಇರಬೇಕು.

ಕಾನೂನು ಏನು ಹೇಳುತ್ತದೆ

ಗಾಡಿಯ ನೋಂದಣಿಯಾಗುವಾಗಲೇ ಟೈರಿನ ಅಳತೆಯನ್ನೂ ನಮೂದಿಸಿರುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಕಟ್ಟುನಿಟ್ಟಾಗಿ ಓದಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್, ನಿಷಿದ್ಧ ಮಾರ್ಪಾಡು ಒಂದಕ್ಕೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಆದ್ದರಿಂದ ಬದಲಿಸುವುದಾದರೆ, ನಿಮ್ಮದೇ ಮಾದರಿಗೆ ಕಂಪನಿ ಕೊಟ್ಟಿರುವ ಅಳತೆಗಳಲ್ಲೊಂದನ್ನು ಆರಿಸಿಕೊಳ್ಳುವುದು ಕ್ಷೇಮ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರ) ಹೊತ್ತಿಗೂ, ಅಪಘಾತವಾದಾಗ ವಿಮೆಯವರು ಪ್ರಶ್ನೆ ಎತ್ತುವ ಹೊತ್ತಿಗೂ ಅದು ಕಾಯುತ್ತದೆ. ಕೇಂದ್ರ ಮೋಟಾರು ವಾಹನ ನಿಯಮ 94ರಂತೆ ಬಟನ್ ಆಳ 1.6 ಮಿ.ಮೀ.ಗಿಂತ ಕಡಿಮೆಯಾದ ಟೈರಿನಲ್ಲಿ ಗಾಡಿ ಓಡಿಸುವಂತಿಲ್ಲ. ಬಟನ್‌ಗಳ ನಡುವಿನ ಕಾಲುವೆಯಲ್ಲಿ ಅಲ್ಲಲ್ಲಿ ಕಾಣುವ ಸಣ್ಣ ದಿಣ್ಣೆಗಳು ಈ ಮಟ್ಟದ ಗುರುತೇ. ಬಟನ್ ಅವುಗಳಿಗೆ ಸಮವಾಯಿತೆಂದರೆ ಟೈರಿನ ಆಯುಸ್ಸು ಮುಗಿಯಿತು.

ಕೊಳ್ಳುವ ದಿನ, ಹಾಕುವ ದಿನ

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ತಯಾರಿಕೆಯ ಗುರುತು ಹುಡುಕಿ. 2325 ಎಂದಿದ್ದರೆ 2025ನೇ ಇಸವಿಯ 23ನೇ ವಾರ. ಹೊಸದೆಂದು ಮಾರುವ ಟೈರು ಎರಡು ಮೂರು ವರ್ಷ ಹಳೆಯದಾಗಿದ್ದರೆ ಬೇರೆಯದು ಕೇಳಿ. ಸ್ಟೆಪ್ನಿಯದನ್ನೂ ನೋಡಿ. ಹತ್ತು ವರ್ಷ ದಾಟಿದ ಟೈರಿನ ಬಟನ್ ಎಷ್ಟೇ ಚೆನ್ನಾಗಿದ್ದರೂ ರಬ್ಬರು ಒಣಗಿರುತ್ತದೆ.

ಡಿಸ್ಕು ಬದಲಿಸಿದರೆ ನಟ್ಟೂ ಬದಲಾಗಬೇಕಾದೀತು. ಕೆಲವು ಡಿಸ್ಕುಗಳ ತೂತಿನ ಅಂಚು ಇಳಿಜಾರು, ಕೆಲವದ್ದು ದುಂಡು, ಕೆಲವದ್ದು ಚಪ್ಪಟೆ. ನಟ್ಟಿನ ಮುಖ ಅದಕ್ಕೆ ತಕ್ಕಂತೆ ಇಲ್ಲದಿದ್ದರೆ ಎಷ್ಟು ಬಿಗಿದರೂ ಸಡಿಲವಾಗುತ್ತದೆ. ಅಲಾಯ್ ದಪ್ಪವಿರುವುದರಿಂದ ಬೋಲ್ಟಿನ ಮರೆ (ಸುತ್ತುಗೆರೆ) ನಟ್ಟಿಗೆ ಸಿಗುವುದು ಕಡಿಮೆಯಾಗಬಹುದು. ಬೋಲ್ಟಿನ ದಪ್ಪದಷ್ಟಾದರೂ ಮರೆ ಹಿಡಿಯಬೇಕು ಎಂಬುದು ಲೆಕ್ಕ. 12 ಮಿ.ಮೀ. ದಪ್ಪದ, 1.5 ಮಿ.ಮೀ. ಮರೆಯ ಬೋಲ್ಟಿಗೆ ನಟ್ಟು ಕನಿಷ್ಠ 8 ಸುತ್ತು ತಿರುಗಬೇಕು. ಕೈಯಲ್ಲೇ ಎಣಿಸಿ ನೋಡಬಹುದು. ವಿಲ್ಲಿಸ್ ಕಾಲದ ಹಳೆಯ ಜೀಪುಗಳಲ್ಲಿ ಎಡಬದಿಯ ಬೋಲ್ಟುಗಳ ಮರೆ ತಿರುಗುಮುರುಗು. ಅದು ತಿಳಿಯದೆ ಪೈಪ್ ಹಾಕಿ ಎಳೆದು ಬೋಲ್ಟ್ ಮುರಿಯುವವರಿದ್ದಾರೆ.

ನಟ್ಟುಗಳನ್ನು ಸುತ್ತಿನಲ್ಲಿ ಒಂದಾದ ಮೇಲೊಂದು ಬಿಗಿಯಬಾರದು. ಒಂದು ಬಿಟ್ಟು ಒಂದು, ನಕ್ಷತ್ರ ಬರೆದಂತೆ, ಎರಡು ಮೂರು ಸಲದಲ್ಲಿ ಬಿಗಿಸಿ. ಕೊನೆಯ ಬಿಗಿತ ಕೈಪಿಡಿಯಲ್ಲಿ ಹೇಳಿದ ಅಳತೆಗೆ, ಟಾರ್ಕ್ ರೆಂಚಿನಲ್ಲಿ. ಡಿಸ್ಕಿಗೂ ಹಬ್‌ಗೂ ನಡುವೆ ಬಣ್ಣ, ತುಕ್ಕಿನ ಹೊಪ್ಪಳೆ ಇರದಂತೆ ಮೊದಲೇ ಉಜ್ಜಿಸಿ.

ಗಾಳಿಯ ಅಳತೆ ಟೈರಿನ ಮೇಲೆ ಬರೆದ ಗರಿಷ್ಠ ಅಂಕಿಯಲ್ಲ. ತಯಾರಕರು ಕೈಪಿಡಿಯಲ್ಲೋ ಬಾಗಿಲ ಚೌಕಟ್ಟಿನಲ್ಲೋ ಕೊಟ್ಟಿದ್ದು. ಪಿಕಪ್‌ಗಳಿಗೆ ಖಾಲಿ ಇದ್ದಾಗ ಒಂದು, ಲೋಡ್ ಇದ್ದಾಗ ಇನ್ನೊಂದು ಇರುತ್ತದೆ. ಅಳತೆ ಅಥವಾ ಬಗೆ ಬದಲಿಸಿದ್ದರೆ ಹಳೆಯ ಅಂಕಿ ಹೊಂದದು. ನಿಮ್ಮ ಆಕ್ಸಲ್ ಭಾರಕ್ಕೆ ಎಷ್ಟು ಗಾಳಿ ಎಂಬುದನ್ನು ಟೈರು ಕಂಪನಿಯ ಭಾರ–ಗಾಳಿ ಪಟ್ಟಿಯಿಂದ ತೆಗೆದುಕೊಳ್ಳಬೇಕು. ಹೆಚ್ಚಿನ ಒತ್ತಡದ ಟೈರು ಹಾಕುವಾಗ ಹಳೆಯ ಡಿಸ್ಕು ಆ ಒತ್ತಡ ತಡೆಯುತ್ತದೆಯೇ ಎಂಬುದೂ ಪ್ರಶ್ನೆಯೇ. ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮುಂಚೆ ನೋಡಿ. ಟೈರು 5–6 ಡಿಗ್ರಿ ಬಿಸಿಯಾದರೆ ಸುಮಾರು 1 ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಹೆಚ್ಚು ತೋರಿಸಿತೆಂದು ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಇರುತ್ತದೆ.

ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಅಂದೇ ಆಗಲಿ. ಸ್ಟೆಪ್ನಿ ಹೊಸ ಅಳತೆಯದೇ ಇದೆಯೇ, ಅದು ಗಾಡಿಯ ಕೆಳಗಿನ ತನ್ನ ಜಾಗದಲ್ಲಿ ಕೂರುತ್ತದೆಯೇ, ಜಾಕಿ ಹೊಸ ಎತ್ತರಕ್ಕೆ ಸಾಲುತ್ತದೆಯೇ ಎಂಬುದನ್ನು ಅಂಗಡಿಯ ಅಂಗಳದಲ್ಲೇ ನೋಡಿಕೊಳ್ಳಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿಸಿ.